ಕಿಣ್ವ ಹಾಕದ ನಳಿಕೆ

ನೀಲಿ ಬೆಳಕಿನ ಪೆಟ್ಟಿಗೆಯಲ್ಲಿಟ್ಟ ಜೆಲ್ಲಿನ ಮೇಲೆ ಡಿಎನ್‌ಎಯ ಗೆರೆ ಕಂಡೇಬಿಟ್ಟಿತು. ಕಾಣಬಾರದ ಕಡೆಯೇ ಕಂಡಿತ್ತು. ವಿದ್ಯಾಶ್ರೀಯ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

ಗದಗಿನ ಈ ಪ್ರಯೋಗಾಲಯದಲ್ಲಿ ನಾಲ್ಕು ವರ್ಷದಿಂದ ಡೋಣಿ ಊರಿನ ಮೆಣಸಿನ ಗಿಡಗಳ ಎಲೆ ಮುಟುರು ರೋಗದ ವೈರಸ್ ಹಿಂದೆ ಬಿದ್ದವಳು ಅವಳು. ಮುಂಡರಗಿಯ ಗುಲ್ನಾಜ ಬಂದು ಎಂಟು ತಿಂಗಳೂ ಆಗಿರಲಿಲ್ಲ. ಬಂದವಳೇ, ಆ ವೈರಸ್ಸಿನ ಡಿಎನ್‌ಎಯಿಂದ ಆಗುವ ಆರ್‌ಎನ್‌ಎ ನಕಲಿನ ನಡುವಿನ ತುಂಡು ಕತ್ತರಿಸಿಹೋಗಿ ಎರಡು ತುದಿ ಕೂಡಿಕೊಳ್ಳುತ್ತವೆ ಎಂದು ತೋರಿಸಿದ್ದಳು. ಸಾಕ್ಷಿ, ಇರಬೇಕಾದ ಅಳತೆಗಿಂತ ಗಿಡ್ಡನೆಯ ತುಂಡನ್ನು ತೋರಿಸುವ ಒಂದು ಗೆರೆ. ಧಾರವಾಡದ ಸಮ್ಮೇಳನದಲ್ಲಿ ಅವಳೇ ಮಾತಾಡಲಿ ಎಂದರು ಪ್ರಯೋಗಾಲಯದ ಮುಖ್ಯಸ್ಥ ಮನೋಹರ ಸರ್. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತೆಂದು ವಿದ್ಯಾಶ್ರೀ ಬೆಟಗೇರಿಯ ಮನೆಯಲ್ಲಿ ಊಟ ಬಿಟ್ಟು ಉರಿದಳು.

ಆ ಗೆರೆಯನ್ನು ಪರೀಕ್ಷಿಸುವ ಕೆಲಸ ಅವಳ ಪಾಲಿಗೇ ಬಂತು. ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬದಲಿಸುವ ಕಿಣ್ವವನ್ನು ಒಂದು ನಳಿಕೆಗೆ ಹಾಕಬೇಕು, ಇನ್ನೊಂದಕ್ಕೆ ಹಾಕಬಾರದು. ಹಾಕದ್ದರಲ್ಲೂ ಗೆರೆ ಬಂದರೆ ಅದು ವೈರಸ್ಸಿನ ಮುರುಕು ಡಿಎನ್‌ಎ ಅಷ್ಟೇ; ಗುಲ್ನಾಜಳ ಮಾತು ಬಿದ್ದುಹೋಗುತ್ತದೆ. ಈಗ ಬಂದಿತ್ತು. ಫೋಟೊ ಸರ್‌ಗೆ ಹೋಯಿತು. ಹಾಗಾದರೆ ಧಾರವಾಡಕ್ಕೆ ನೀನೇ ಹೋಗು ಎಂದು ಅವರ ಉತ್ತರವೂ ಬಂತು.

ಗುಲ್ನಾಜ ಜಗಳ ತೆಗೆಯಲಿಲ್ಲ. "ನೀವು ನೋಡೀರಿ ಅಂದ್ರ ಮುಗೀತ್ರಿ ಅಕ್ಕಾರ," ಎಂದು ಸಮ್ಮೇಳನಕ್ಕಾಗಿ ತಾನು ಬರೆದ ಚಿತ್ರಗಳನ್ನೆಲ್ಲ ತಂದು ಮೇಜಿನ ಮೇಲಿಟ್ಟು ಮುಖ ತೊಳೆಯಲು ಹೋದಳು.

ನಳಿಕೆಗಳನ್ನು ಫ್ರಿಜ್ಜಿನಲ್ಲಿ ಎತ್ತಿಡಲು ಹೋದ ವಿದ್ಯಾಶ್ರೀ ನಿಂತುಬಿಟ್ಟಳು. ಕಿಣ್ವ ಹಾಕಿದ ಕೂಡಲೇ ಮುಚ್ಚಳಕ್ಕೊಂದು ಕೆಂಪು ಚುಕ್ಕೆ ಇಡುವುದು ಅವಳ ರೂಢಿ. ಚುಕ್ಕೆ ಎರಡರ ಮೇಲೂ ಇತ್ತು. ಬೇಕೆಂದು ಹಾಕಿದ್ದಲ್ಲ, ಬನಶಂಕರಿಯ ಆಣೆ. ಆದರೆ ಗೆರೆ ಬರಲಿ, ಬರಲಿ ಎಂದು ಇಡೀ ಬೆಳಗು ಜಪಿಸಿದ್ದು ನಿಜ. ಕಿಣ್ವ ಬಿಟ್ಟು ಮಾಡಿದರೆ ಗೆರೆ ಬಾರದೆಂದು ಮನಸ್ಸು ಆಗಲೇ ಹೇಳುತ್ತಿತ್ತು. ಕೆರೆದರೆ ಚುಕ್ಕೆ ಹೋಗುತ್ತದೆ. ಉಗುರು ಅಲ್ಲಿಯವರೆಗೆ ಹೋಗಿಯೂ ಇತ್ತು.

ಗುಲ್ನಾಜ ಮುಖ ಒರೆಸುತ್ತ ಒಳಗೆ ಬಂದಳು. ಕಣ್ಣು ಕೆಂಪಗಿದ್ದವು.

"ತಪ್ಪು ನಂದೈತಿ. ಎರಡಕ್ಕೂ ಕಿಣ್ವ ಹಾಕೀನಿ," ಎಂದಳು ವಿದ್ಯಾಶ್ರೀ. "ಸರ್‌ಗ ನಾನ ಹೇಳ್ತೀನಿ. ಮತ್ತ ಮಾಡಬೇಕು."

ಗುಲ್ನಾಜ ನಳಿಕೆ ನೋಡಿದಳು, ಅವಳ ಮುಖ ನೋಡಿದಳು. ಎರಡು ಮಾತು ಬೈದಿದ್ದರೆ ವಿದ್ಯಾಶ್ರೀಗೆ ಎಷ್ಟೋ ಹಗುರಾಗುತ್ತಿತ್ತು.

"ಆಗ್ತಾವ್ರಿ ಇಂಥಾವು. ಧಾರವಾಡಕ್ಕ ಇಬ್ರೂ ಕೂಡೇ ಹೋಗೂಣ್ರಿ ಅಕ್ಕಾರ."

ವಿದ್ಯಾಶ್ರೀ ಆಗಲಿ ಎಂದು ತಲೆಯಾಡಿಸಿದಳು. ಬೆನ್ನು ತಿರುಗಿಸಿ, ನಲ್ಲಿ ಬಿಟ್ಟು, ಆಗಲೇ ತೊಳೆದಿಟ್ಟಿದ್ದ ಜೆಲ್ಲಿನ ತಟ್ಟೆಯನ್ನು ಮತ್ತೆ ತೊಳೆಯತೊಡಗಿದಳು.