ಅತ್ತೆಯ ಮುಖದ ಮೇಲೆ ಕ್ಯಾಲ್ಕುಲೇಟರ್

ನಮ್ಮ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಹಳೆಯ ಪ್ರೋಗ್ರಾಂ ಒಂದಿದೆ. ಹೇಳಿದ ಕೆಲಸ ಮಾಡುತ್ತದೆ, ಮಾಡಿದ್ದನ್ನು ತೋರಿಸುವುದಿಲ್ಲ. ಕಲೆ ಅಳಿಸಿದರೆ ಒಳಗೆ ಅಳಿದಿರುತ್ತದೆ, ತೆರೆಯ ಮೇಲೆ ಮಾತ್ರ ಹಳೇ ಚಿತ್ರವೇ ಜಪ್ಪಯ್ಯ ಅಂದರೂ ಕದಲದೆ ಕೂತಿರುತ್ತದೆ. ಹೊಸದು ಹಾಕಿಸಿ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ನನ್ನ ಗಂಡ ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಕಂಪ್ಯೂಟರಿನ ಕ್ಯಾಲ್ಕುಲೇಟರ್ ತೆರೆದು, ಆ ಪುಟ್ಟ ಚೌಕವನ್ನು ಮೌಸಿನಿಂದ ಹಿಡಿದು ಫೋಟೋದ ಮೇಲೆಲ್ಲ ಎಳೆದಾಡುತ್ತಾರೆ. ಅದು ಹಾದುಹೋದ ಕಡೆ ಹೊಸ ಚಿತ್ರ ಕಾಣುತ್ತದೆ, ಬಟ್ಟೆಯಿಂದ ಮೇಜು ಒರೆಸಿದ ಹಾಗೆ. ಆ ಕ್ಯಾಲ್ಕುಲೇಟರಿನಲ್ಲಿ ಅವರು ಎರಡಕ್ಕೆ ಎರಡು ಕೂಡಿಸಿದ್ದನ್ನು ಮಾತ್ರ ನಾನು ಕಂಡಿಲ್ಲ.

ಅವತ್ತು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೇ ಅತ್ತೆ ಬಂದು ಕೂತರು. ಹಿಂದಿನ ವಾರ ಅತ್ತೆ ಮತ್ತು ಅವರ ಅಕ್ಕ, ಅಂದರೆ ನಮ್ಮವರ ದೊಡ್ಡಮ್ಮ, ಜೊತೆಯಲ್ಲಿ ಫೋಟೋ ತೆಗೆಸಿಕೊಂಡಿದ್ದರು. ಅದು ದೊಡ್ಡಮ್ಮನ ಮನೆಯ ಹಜಾರದ ಗೋಡೆಗೆ. ತಂಗಿ ಹುಟ್ಟಿದಂದಿನಿಂದ ಅವಳ ಮೇಲೆ ದರ್ಬಾರು ನಡೆಸಿಕೊಂಡು ಬಂದ ಹೆಂಗಸು ದೊಡ್ಡಮ್ಮ. ಹೂಜಿ ಪಕ್ಕದಲ್ಲೇ ಇದ್ದರೂ ನೀರು ತಂಗಿಯೇ ಎದ್ದು ಕೊಡಬೇಕು. ಕೊಟ್ಟ ಮೇಲೆ, "ಇನ್ನೂ ಸ್ವಲ್ಪ ತಣ್ಣಗಿರಬೇಕಿತ್ತು" ಎನ್ನುತ್ತಾರೆ. ಫೋಟೋಗೆ ಕೂತಾಗಲೂ ಅವರ ಬಾಯಿ ಸುಮ್ಮನಿರಲಿಲ್ಲ. "ನೋಡಿದವರು ನಿನ್ನನ್ನೇ ಅಕ್ಕ ಅಂತಾರೆ ಕಣೇ" ಎಂದುಬಿಟ್ಟಿದ್ದರು. ಆ ಮಾತು ಅತ್ತೆಗೆ ಚೆನ್ನಾಗಿಯೇ ಚುಚ್ಚಿತ್ತು.

"ಅವಳು ಇನ್ನೇನು ಬರ್ತಾಳೆ. ಅಷ್ಟರಲ್ಲಿ ನನ್ನ ಸುಕ್ಕೆಲ್ಲ ತೆಗೆದುಬಿಡು," ಎಂದರು ಮಗನಿಗೆ. "ಅವಳದು ಹಾಗೇ ಇರಲಿ. ಒಂದು ಸಲವಾದ್ರೂ ಅವಳ ಮುಂದೆ ತಲೆ ಎತ್ತಿ ಕೂರ್ಬೇಕು ನಾನು."

ನನಗೆ ಪಾಪ ಅನ್ನಿಸಿತು. ಇವರು ಚಿತ್ರ ಹಿಗ್ಗಿಸಿ ಅಮ್ಮನ ಮುಖವನ್ನು ತೆರೆಯ ಮೇಲೆ ತಂದರು.

"ಅಂಚಿನಲ್ಲಿದ್ದೀನಲ್ಲೋ. ಸ್ವಲ್ಪ ನಡುವಿಗೆ ತಾ."

ಇವರು ಚಿತ್ರವನ್ನು ಹಿಡಿದು ಪಕ್ಕಕ್ಕೆ ಎಳೆದರು. ಮುಖ ಅಲ್ಲಾಡಲಿಲ್ಲ. ಜೋರಾಗಿ ಎಳೆದರು, ಆಗಲೂ ಇಲ್ಲ. ರೂಢಿಯಂತೆ ಕ್ಯಾಲ್ಕುಲೇಟರ್ ತೆರೆದು ಒರೆಸಲು ಹೋದರು.

"ತೆಗಿಯೋ ಅದನ್ನ," ಎಂದರು ಅತ್ತೆ. "ಮುಖದ ಮೇಲೆ ಅಂಕಿ ಓಡಾಡಿಸ್ತೀಯಲ್ಲ, ನನ್ನ ವಯಸ್ಸು ಎಣಿಸ್ತಿದ್ದೀಯಾ?"

"ಅದು ಒರೆಸೋಕೆ ಅಮ್ಮ."

"ಒರೆಸೋಷ್ಟು ಕೊಳಕಾಗಿದ್ಯಾ ನನ್ನ ಮುಖ?"

ಇವರು ಅಮ್ಮ ಹಾಕಿದ ಗೆರೆ ದಾಟುವವರಲ್ಲ. ಹೆಂಡತಿ ಹಾಕಿದ ಗೆರೆಯ ವಿಷಯ ಬೇರೆ. ಕ್ಯಾಲ್ಕುಲೇಟರ್ ಮುಚ್ಚಿ, ಕಣ್ಣಿನ ಕೆಳಗಿನ ಸುಕ್ಕುಗಳ ಮೇಲೆ ಮೌಸ್ ಉಜ್ಜಿದರು. ಏನೂ ಬದಲಾದಂತೆ ಕಾಣಲಿಲ್ಲ.

"ಇನ್ನೂ ಉಜ್ಜು."

"ಆಗಿರುತ್ತಮ್ಮ, ಕಾಣ್ತಿಲ್ಲ ಅಷ್ಟೇ."

"ಕಾಣದೆ ಇರೋದನ್ನ ಆಗಿದೆ ಅಂತ ನಂಬೋಕೆ ನಾನೇನು ನಿನ್ನ ಹೆಂಡ್ತೀನಾ?"

ನಾನು ಪ್ರಿಂಟ್ ಕತ್ತರಿಸುತ್ತಾ ಕೂತಿದ್ದೆ. ನಗು ತಡೆದುಕೊಳ್ಳಲು ಹೋಗಿ ಯಾರದೋ ಕಿವಿಯ ಅಂಚು ಹೋಯಿತು. ಇವರು ಕೆನ್ನೆ ಉಜ್ಜಿದರು, ಗಲ್ಲ ಉಜ್ಜಿದರು, ಹಣೆಯನ್ನೂ ಬಿಡಲಿಲ್ಲ.

ಅಷ್ಟರಲ್ಲಿ ದೊಡ್ಡಮ್ಮ ಬಂದರು. ಅತ್ತೆ ತಾವಾಗಿಯೇ ಎದ್ದು ಕುರ್ಚಿ ಬಿಟ್ಟುಕೊಟ್ಟರು.

"ಎಲ್ಲಿ, ತೋರಿಸು."

ಇನ್ನು ಬೇರೆ ದಾರಿಯಿರಲಿಲ್ಲ. ಇವರು ಇಡೀ ಚಿತ್ರ ಕಾಣುವಂತೆ ಕುಗ್ಗಿಸಿ, ಮತ್ತೆ ಕ್ಯಾಲ್ಕುಲೇಟರ್ ತೆರೆದು ಎಡದಿಂದ ಬಲಕ್ಕೆ ಒರೆಸಿದರು. ಮೊದಲು ಅತ್ತೆಯ ಮುಖ ಬಂತು, ಒಂದು ಸುಕ್ಕೂ ಕಡಿಮೆಯಾಗದೆ. ಆಮೇಲೆ ದೊಡ್ಡಮ್ಮನ ಮುಖ ಬಂತು, ಬೇಯಿಸಿ ಸುಲಿದ ಮೊಟ್ಟೆಯಷ್ಟು ನುಣ್ಣಗೆ. ನಡುವಿಗೆ ಎಳೆದಾಗ ಚಿತ್ರ ಒಳಗೆ ಸರಿದೇ ಇತ್ತು. ಅಮ್ಮನ ಮುಖವಿದ್ದ ಜಾಗಕ್ಕೆ ಪಕ್ಕದ ದೊಡ್ಡಮ್ಮನ ಮುಖ ಬಂದಿತ್ತು, ತೆರೆ ಅದನ್ನು ತೋರಿಸಿರಲಿಲ್ಲ. ಅಮ್ಮನ ಮುಖ ಎಂದುಕೊಂಡು ಇವರು ಉಜ್ಜಿದ್ದೆಲ್ಲ ದೊಡ್ಡಮ್ಮನ ಮುಖದ ಮೇಲೆ ಬಿದ್ದಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು ನಮ್ಮವರು.

ಅತ್ತೆಯ ಕಣ್ಣು ತುಂಬಿ ಬಂತು. ಇನ್ನು ದೊಡ್ಡಮ್ಮನ ಜಂಬ ನೋಡಲಾಗದು ಎಂದುಕೊಂಡೆ. ಆದರೆ ಅವರ ಮುಖ ಹುಳ್ಳಗಾಗಿತ್ತು.

"ಇದೇನೋ ಇದು? ಇದ್ರಲ್ಲಿ ಇವಳೇ ಅಕ್ಕ ಅನ್ನೋ ಹಾಗಿದ್ದಾಳಲ್ಲ."

"ಹೋದ ವಾರ ನೀವೇ ಹಾಗಂದಿದ್ರಿ ದೊಡ್ಡಮ್ಮ," ಎಂದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಬಾಯಿಮಾತಿಗೆ ಅಂದಿದ್ದು ಕಣೇ ಅದು. ಗೋಡೆಗೆ ಹಾಕಿದ್ರೆ ಮಕ್ಕಳು ಮೊಮ್ಮಕ್ಕಳು ನೋಡಲ್ವಾ? ದೊಡ್ಡವಳು ಅಂತ ತಾನೇ ಎಲ್ಲರೂ ನನ್ನ ಮಾತು ಕೇಳೋದು? ನನ್ನ ಸುಕ್ಕು ನನಗೆ ವಾಪಸ್ ಹಾಕೋ."

"ಹಾಕ್ತೀನಿ ದೊಡ್ಡಮ್ಮ, ಒಂದು ನಿಮಿಷ," ಎಂದು ಇವರು ಮೌಸ್ ಹಿಡಿದರು.

"ಬೇಡ," ಎಂದರು ಅತ್ತೆ.

ಅವರು ಕಣ್ಣೊರೆಸಿಕೊಂಡು ತೆರೆಯನ್ನೇ ನೋಡುತ್ತಿದ್ದರು. ಯಾರೂ ಕ್ಯಾಲ್ಕುಲೇಟರ್ ಎಳೆಯದಿದ್ದರೂ ಅವರ ಮುಖ ಬೇರೆಯಾಗುತ್ತಾ ಬಂತು.

"ಹಾಗೇ ಪ್ರಿಂಟ್ ಹಾಕು. ದೊಡ್ಡದಾಗಿ ಹಾಕು," ಎಂದರು. ಇನ್ನೊಂದು ಕುರ್ಚಿ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು, ಅಕ್ಕನ ಕಡೆ ತಿರುಗಿದರು. "ಬಾಯಾರಿಕೆ ಆಗ್ತಿದೆ. ಎದ್ದು ಒಂದು ಲೋಟ ನೀರು ತಗೊಂಡ್ಬಾ."

ನಾನು ಗಾಬರಿಯಿಂದ ಹೂಜಿಯ ಕಡೆ ಹೊರಟೆ. ದೊಡ್ಡಮ್ಮ ತೆರೆಯನ್ನು ನೋಡಿದರು, ತಂಗಿಯನ್ನು ನೋಡಿದರು. ಆಮೇಲೆ ನನ್ನನ್ನು ಕೈಸನ್ನೆಯಲ್ಲೇ ಕೂರಿಸಿ, ತಾವೇ ಎದ್ದು ಹೋಗಿ ನೀರು ಬಗ್ಗಿಸಿ ತಂದುಕೊಟ್ಟರು.

ಅತ್ತೆ ನಿಧಾನವಾಗಿ ಕುಡಿದು, ಲೋಟವನ್ನು ಅಕ್ಕನ ಕೈಗೇ ವಾಪಸ್ ಕೊಟ್ಟರು.

"ಇನ್ನೂ ಸ್ವಲ್ಪ ತಣ್ಣಗಿರಬೇಕಿತ್ತು," ಎಂದರು.