ಕುದುರೆಯ ಜಾಗ

ಖಾಲಿ ಟ್ರೇಲರಿನೊಳಗೆ, ಕುದುರೆ ನಿಲ್ಲುವ ಜಾಗದಲ್ಲಿ ಮಾರ್ಲಿಸ್ ಕಾಲಗಲಿಸಿ ನಿಂತಳು. ಎದೆಯೆತ್ತರದ ಅಡ್ಡಪಟ್ಟಿಯನ್ನು ಎರಡೂ ಕೈಗಳಿಂದ ಹಿಡಿದು, "ಹ್ಞೂಂ, ಹೊರಡು!" ಎಂದು ಕೂಗಿದಳು. ಕೂಗು ಟ್ರೇಲರಿನ ತಗಡಿಗೆ ಬಡಿದು ಅವಳಿಗೇ ವಾಪಸು ಬಂತು. ಮುಂದೆ ಪಿಕಪ್ಪಿನಲ್ಲಿದ್ದ ಅವಳ ಗಂಡ ಆರ್ವಿನ್ ಗೇರು ಹಾಕಿದ. ಗಸ್‌ನ ಅಂಗಡಿಯ ಹಿಂದಿನ ಜಲ್ಲಿಯ ಬಯಲು ಪಕ್ಕದ ಕಿಂಡಿಯಲ್ಲಿ ಸರಿಯತೊಡಗಿತು. ಡೀಸೆಲ್ ಪೀಪಾಯಿಗಳು, ಹುಲ್ಲು ಕಟ್ಟುವ ಹಳೆಯ ಯಂತ್ರ, ಗೋಧಿ ಕಣಜದ ಬಿಳಿ ಗೋಪುರ, ಅದರಾಚೆ ಹಿಮ ಕರಗದ ಬೆಟ್ಟಸಾಲು. ಭಾನುವಾರ ಅವರು ದಾಟಬೇಕಾಗಿದ್ದದ್ದು ಅದೇ ಬೆಟ್ಟಸಾಲನ್ನು.

ಆಮೇಲೆ ಬ್ರೇಕು ಬಿತ್ತು. ಯಾರೋ ಹಿಂದಿನಿಂದ ತಳ್ಳಿದ ಹಾಗೆ ಅವಳು ಮುಂದಕ್ಕೆ ಮುಗ್ಗರಿಸಿದಳು. ತುಟಿ ಪಟ್ಟಿಗೆ ಬಡಿಯಿತು. ಬಾಯಲ್ಲಿ ಕಬ್ಬಿಣದ ರುಚಿ. ಅದು ಮರದ ಪಟ್ಟಿಗೆ ಬಿಗಿದ ಕಬ್ಬಿಣದ್ದೋ ರಕ್ತದ್ದೋ ತಿಳಿಯಲಿಲ್ಲ.

"ಹೇಗಿತ್ತು?" ಆರ್ವಿನ್ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ.

"ಹಲ್ಲೆಲ್ಲಾ ಇದೆಯಾ ಅಂತ ನೋಡ್ಕೊಂಡು ಹೇಳ್ತೀನಿ."

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಗಸ್ ನಕ್ಕ. ಆರ್ವಿನ್ ಜೊತೆ ಒಂದೇ ಶಾಲೆಯಲ್ಲಿ ಕಲಿತವನು, ಈಗ ಊರಿನ ಟ್ರೇಲರುಗಳನ್ನೆಲ್ಲ ರಿಪೇರಿ ಮಾಡುವವನು. "ಹೇಳ್ಲಿಲ್ವೇನೋ ನಾನು? ಟ್ರೇಲರಿನ ಬ್ರೇಕಿಗೆ ಹಾಕೋ ಈ ಅಗ್ಗದ ಡಬ್ಬಿ ದಡ್ಡ ಮಾರಾಯ. ನೀನು ಬ್ರೇಕಿನ ಮೇಲೆ ಕಾಲಿಟ್ಟಿದ್ದು ಮಾತ್ರ ಅದಕ್ಕೆ ಗೊತ್ತಾಗೋದು. ಗಾಡಿ ನಿಧಾನ ಆಗ್ತಿದೆಯೋ, ನಿಂತೇ ಬಿಡ್ತೋ, ಅದಕ್ಕೇನೂ ಗೊತ್ತಾಗಲ್ಲ. ಹೇಳಿಟ್ಟಷ್ಟು ಕರೆಂಟನ್ನ ಟ್ರೇಲರಿನ ಗಾಲಿಗೆ ಬಿಟ್ಟು ಹಿಡಿದುಬಿಡುತ್ತೆ. ಕಲ್ಲು, ಮರ ಸಾಗ್ಸೋಕೆ ಸಾಕು. ಕುದುರೆಗಲ್ಲ."

"ಹಾಗಾದ್ರೆ ಬುದ್ಧಿವಂತ ಡಬ್ಬಿ ತಾ."

"ತಂದ್ರೆ ಅದು ನಿನ್ನ ಜೊತೆ ಹೇಗೆ ಬಾಳ್ವೆ ಮಾಡುತ್ತೋ ನೋಡ್ಬೇಕು" ಎಂದು ಗಸ್ ಒಳಗೆ ಹೋದ.

ಹಳೆಯ ಡಬ್ಬಿಯನ್ನು ಆರ್ವಿನ್ ಹೋದ ವರ್ಷ ತಾನೇ ಕಿತ್ತು ಎಸೆದಿದ್ದ. ಶರತ್ಕಾಲದಲ್ಲಿ ಜುನಿಪರ್ ಎಂಬ ಹೆಣ್ಣು ಕುದುರೆಯನ್ನು ಪಶುವೈದ್ಯರ ಬಳಿ ಕರೆದುಕೊಂಡು ಹೋದಾಗ, ಟ್ರೇಲರಿನ ಬಾಗಿಲು ತೆಗೆದರೆ ಅದರ ಎರಡೂ ಮಂಡಿಗಳಲ್ಲಿ ರಕ್ತ ಸುರಿಯುತ್ತಿತ್ತು. ತೊಡೆಯ ಚರ್ಮ ಅಂಗೈಯಗಲ ಕಿತ್ತು ಹೋಗಿತ್ತು. ದಾರಿಯುದ್ದಕ್ಕೂ ಅದು ಬಿದ್ದು ಎದ್ದು, ಬಿದ್ದು ಎದ್ದು ಬಂದಿತ್ತು. "ಡಬ್ಬಿ ಕೆಟ್ಟಿದೆ" ಎಂದಿದ್ದ ಆರ್ವಿನ್. ಅಂದಿನಿಂದ ಕುದುರೆ ಟ್ರೇಲರಿನ ನೆರಳು ಕಂಡರೂ ಬೆವರುತ್ತಿತ್ತು. ಚಳಿಗಾಲವೆಲ್ಲ ಮಾರ್ಲಿಸ್ ಓಟ್ಸಿನ ಬಕೆಟ್ಟು ಹಿಡಿದು, ಇವತ್ತು ಒಂದು ಹೆಜ್ಜೆ ನಾಳೆ ಇನ್ನೊಂದು ಎಂದು ರಮಿಸಿ ಮತ್ತೆ ಹತ್ತಿಸಲು ಕಲಿಸಿದ್ದಳು.

ಜುನಿಪರ್ ಅವರ ಮಗಳು ಬ್ರಿಟಾಳ ಕುದುರೆ. ಬ್ರಿಟಾ ತೀರಿಕೊಂಡ ಮೇಲೆ ಅಳಿಯ ಬೆಟ್ಟದಾಚೆ ಹೊಸ ಸಂಸಾರ ಹೂಡಿದ್ದ. ಮೊಮ್ಮಗಳು ಟಿಲ್ಲಿ ಫೋನಿನಲ್ಲಿ, "ಅಮ್ಮನ ಕುದುರೆ ನನಗೆ ಕೊಡ್ತೀಯಾ ಅಜ್ಜ?" ಎಂದು ಒಂದೇ ಸಲ ಕೇಳಿದ್ದಳು. ತಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅಳಿಯ ಹೇಳಿದಾಗ ಆರ್ವಿನ್ ಬೇಡವೆಂದ. "ನನ್ನ ಮಗಳ ಕುದುರೆ. ನಾನೇ ತಂದು ಕೊಡ್ತೀನಿ."

ಆ ಬೆಟ್ಟದ ಇಳಿಜಾರು ಮಾರ್ಲಿಸ್‌ಗೆ ಗೊತ್ತಿತ್ತು. ಕೊನೆಯಲ್ಲಿ ಟ್ರೇಲರಿನ ಬಾಗಿಲು ತೆಗೆಯಲು ಓಡಿ ಬರುವವಳು ಟಿಲ್ಲಿ ಎಂಬುದೂ ಗೊತ್ತಿತ್ತು.

ಗಸ್ ಎರಡನೇ ಡಬ್ಬಿ ತಂದ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಹಿಡಿತ ಹೆಚ್ಚು ಕಡಿಮೆ ಮಾಡಲು ಒಂದು ತಿರುಪು, ಒಂದು ಹಸಿರು ದೀಪ. ಅದನ್ನು ಸ್ಟಿಯರಿಂಗಿನ ಕೆಳಗೆ ಟೇಪಿನಿಂದ ಅಂಟಿಸಿ ವೈರು ಚುಚ್ಚಿದ. "ಇದು ಗಾಡಿ ಎಷ್ಟು ನಿಧಾನ ಆಗ್ತಿದೆ ಅಂತ ನೋಡಿ ಅಷ್ಟೇ ಹಿಡಿಯುತ್ತೆ. ನೀನು ಮೆಲ್ಲಗೆ ಒತ್ತಿದ್ರೆ ಅದೂ ಮೆಲ್ಲಗೆ. ನೀನು ಗಾಬರಿಯಾದ್ರೆ ಅದೂ ಗಾಬರಿ. ನಡಿ, ನಾನೂ ಜೊತೆಗೆ ಕೂರ್ತೀನಿ, ತಿರುಪು ಸರಿ ಮಾಡ್ಬೇಕು."

ಮಾರ್ಲಿಸ್ ಮತ್ತೆ ಒಳಗೆ ನಿಂತಳು. ಈ ಸಲ ಪಟ್ಟಿಯಿಂದ ಮುಖ ದೂರವಿಟ್ಟುಕೊಂಡಳು. ಗಾಡಿ ಬಯಲನ್ನು ಒಂದು ಸುತ್ತು ಹಾಕಿತು. ಬ್ರೇಕು ಬರಬೇಕಾದ ಕಡೆ ಬರಲಿಲ್ಲ. ಆಮೇಲೂ ಬರಲಿಲ್ಲ. ಆಮೇಲೆ ಒಟ್ಟಿಗೇ ಎಲ್ಲವೂ ಬಂತು. ಭುಜ ಗೋಡೆಗೆ ಅಪ್ಪಳಿಸಿತು. ಎಲ್ಲೋ ಸರಪಳಿಯೊಂದು ಬಹಳ ಹೊತ್ತು ತೂಗಾಡಿ ಸದ್ದು ಮಾಡಿತು.

ಆ ಸದ್ದು ನಿಲ್ಲುವವರೆಗೆ ಅವಳು ಕತ್ತಲಲ್ಲೇ ನಿಂತಿದ್ದಳು. ಜನವರಿಯ ಒಂದು ಸಂಜೆ ನೆನಪಾಯಿತು. ಅಂದು ಆರ್ವಿನ್‌ನ ಬಲಗಾಲಿನ ಕಾಲುಚೀಲ ಬೂಟಿಗೇ ಅಂಟಿಕೊಂಡಿತ್ತು. ಒಳಗೆ ಪಾದಕ್ಕೆ ಚುಚ್ಚಿಕೊಂಡ ಮೊಳೆ. ಬೆಳಗಿನಿಂದ ಅದರ ಮೇಲೇ ನಡೆದಾಡಿದ್ದ, ದನಗಳಿಗೆ ಹುಲ್ಲು ಹಾಕಿದ್ದ, ಕೂತು ಊಟ ಮಾಡಿದ್ದ. ಅವಳು ಇಕ್ಕಳದಿಂದ ಮೊಳೆ ಕೀಳುವಾಗ, "ಬೂಟು ಹಳೇದು" ಎಂದಿದ್ದ. ವೈದ್ಯೆ ಅವನ ಕಣ್ಣು ಮುಚ್ಚಿಸಿ, ತೆಳ್ಳಗಿನ ನೈಲಾನ್ ಎಳೆಯಿಂದ ಪಾದ ಮುಟ್ಟುತ್ತಾ, ಮುಟ್ಟಿದ್ದು ತಿಳಿದಾಗಲೆಲ್ಲ 'ಈಗ' ಅನ್ನಿ ಎಂದಿದ್ದಳು. ಎಳೆ ಗಾಳಿಯಲ್ಲಿದ್ದಾಗ ಆರ್ವಿನ್ "ಈಗ" ಎಂದ. ಪಾದಕ್ಕೆ ತಾಗಿ ಬಾಗಿದಾಗ ಸುಮ್ಮನಿದ್ದ. ಮತ್ತೆ ಗಾಳಿಗೆ "ಈಗ" ಎಂದ. ಬಹಳ ವರ್ಷದ ಸಕ್ಕರೆ ಕಾಯಿಲೆ ಎಂದು ವೈದ್ಯೆ ವಿವರಿಸುತ್ತಿದ್ದಾಗ ಅವನು ಬೂಟಿನ ದಾರ ಕಟ್ಟಿಕೊಳ್ಳುವುದರಲ್ಲಿ ಮಗ್ನನಾಗಿದ್ದ. ಗಾಡಿ ಓಡಿಸುವ ವಿಷಯ ಅವಳು ಎತ್ತುವ ಮೊದಲೇ ಎದ್ದು ಬಂದಿದ್ದ. ಮಾರ್ಲಿಸ್ ಕೂಡ ಎತ್ತಲಿಲ್ಲ. ಮನೆಗೆ ಬರುವಾಗಲೂ ಅವನೇ ಓಡಿಸಿದ್ದ.

ಅವಳು ಇಳಿದು ಬಂದಾಗ ಗಸ್ ಪಿಕಪ್ಪಿನ ಪಕ್ಕ ನಿಂತು ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಕೈಯಲ್ಲಿ ಎಣ್ಣೆಯೇನೂ ಇರಲಿಲ್ಲ.

"ಇದೂ ಅಷ್ಟೇ" ಎಂದ ಆರ್ವಿನ್. "ಬೇರೆ ತಾ."

"ಇದಕ್ಕಿಂತ ಒಳ್ಳೇದು ನನ್ನ ಹತ್ರ ಇಲ್ಲ."

"ಪೇಟೆಯಿಂದ ತರ್ಸು."

"ಪೇಟೆಲೂ ಇದೇ ಇರೋದು ಆರ್ವಿನ್." ಗಸ್ ಚಿಂದಿಯನ್ನು ಮಡಿಸಿದ, ಮತ್ತೆ ಮಡಿಸಿದ. "ಬ್ರೇಕು ಒತ್ತೋಕ್ ಮುಂಚೆ ಯಾಕೆ ಬಗ್ಗಿ ನೋಡಿದೆ ನೀನು?"

"ಏನ್ ನೋಡ್ದೆ?"

"ಕಾಲು ಎಲ್ಲಿದೆ ಅಂತ."

ಗೋಪುರದ ಮೇಲಿದ್ದ ಪಾರಿವಾಳಗಳು ಯಾವ ಕಾರಣವೂ ಇಲ್ಲದೆ ಹಾರಿ ಮತ್ತೆ ಅಲ್ಲೇ ಕೂತವು. ಆರ್ವಿನ್‌ನ ಕುತ್ತಿಗೆ ಕೆಂಪಾಯಿತು. "ರಿಪೇರಿ ಮಾಡೋನು ರಿಪೇರಿ ಮಾಡು. ಡಾಕ್ಟರು ಬೇಕಾದ್ರೆ ಡಾಕ್ಟರ ಹತ್ರ ಹೋಗ್ತೀನಿ."

"ಹೋಗಿದ್ವಲ್ಲ" ಎಂದಳು ಮಾರ್ಲಿಸ್.

ಗಂಡ ಅವಳ ಕಡೆ ತಿರುಗಿದ. ತುಟಿ ಊದಿದ್ದನ್ನು ಅವನು ಕಂಡದ್ದು ಆಗಷ್ಟೇ.

"ಇಳಿ" ಎಂದಳು ಅವಳು. "ಈಗ ನೀನು ಒಳಗೆ ನಿಲ್ಲು."

"ನಾನ್ಯಾಕೆ?"

"ನಿಮ್ಮಪ್ಪನ ಕಟ್ಟಳೆ."

ಆ ಕಟ್ಟಳೆ ಅವರ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಕುದುರೆ ಸಾಗಿಸುವವರು ಮೊದಲು ಕುದುರೆಯ ಜಾಗದಲ್ಲಿ ನಿಲ್ಲಬೇಕು. ಮದುವೆಯಾಗಿ ಬಂದ ಬೇಸಿಗೆಯಲ್ಲಿ ಮಾರ್ಲಿಸ್ ನಿಂತಿದ್ದಳು, ಮಾವ ಓಡಿಸಿದ್ದ. ಬ್ರಿಟಾಳನ್ನು ಆರ್ವಿನ್ ನಿಲ್ಲಿಸಿ ತಾನೇ ಓಡಿಸಿದ್ದ; ಅವಳು ಇಳಿದವಳೇ, "ಅಪ್ಪಾ, ನೀನು ನಿಲ್ಲಿಸಿದ್ದೇ ಗೊತ್ತಾಗ್ಲಿಲ್ಲ" ಎಂದು ಬೇಸರದಿಂದ ಹೇಳಿದ್ದಳು. ಏನಾದರೂ ಆಗಲಿ ಎಂದು ಕಾಯುತ್ತಿದ್ದ ವಯಸ್ಸು ಅದು.

"ನಾನು ನಿಂತಾಗಿದೆ" ಎಂದ ಆರ್ವಿನ್.

"ಯಾವಾಗ? ಮೀಸೆ ಬರೋಕ್ ಮುಂಚೆ."

"ನಿನಗೆ ಟ್ರೇಲರ್ ಎಳೆದು ಅಭ್ಯಾಸ ಇಲ್ಲ ಮಾರ್ಲಿಸ್."

"ನಿನ್ನ ಪಕ್ಕ ಕೂತು ನಲವತ್ತು ವರ್ಷ ಎಳೆದಿದೀನಿ. ಇಳಿ."

ಅವನು ಇಳಿದ. ಬಲಗಾಲನ್ನು ನೋಡಿಕೊಂಡೇ ಜಲ್ಲಿಯ ಮೇಲಿಟ್ಟ. ಈಗ ಅದನ್ನು ಮೂವರೂ ನೋಡಿದರು.

ಬಾಗಿಲು ಹಾಕಿದ ಮೇಲೆ ಒಳಗೆ ಒಣಹುಲ್ಲಿನ, ಕುದುರೆಯ ಬೆವರಿನ ವಾಸನೆ. ಕಣ್ಣು ಹೊಂದಿಕೊಂಡಾಗ ಅಡ್ಡಪಟ್ಟಿಯ ಮರದ ಮೇಲೆ ಹಲ್ಲಿನ ಗುರುತುಗಳು ಕಂಡವು. ಕೆಲವು ಹಳೆಯವು, ಸವೆದು ನುಣುಪಾಗಿದ್ದವು. ಕೆಲವು ಆಳವಾಗಿ, ಒಳಗಿನ ಬಿಳಿ ಮರ ಕಾಣುವಂತಿದ್ದವು. ಅವನ ಮಂಡಿಯ ಎತ್ತರಕ್ಕೆ ತಗಡು ತಗ್ಗಾಗಿತ್ತು. ಅದನ್ನು ಅವನೇ ತೊಳೆದಿದ್ದ. ತಗ್ಗಿನ ಅಂಚಿನಲ್ಲಿ ಕಂದು ಗೆರೆಯೊಂದು ಉಳಿದುಬಿಟ್ಟಿತ್ತು.

ಮುಂದೆ ಮಾರ್ಲಿಸ್ ಸೀಟಿನ ತುದಿಯಲ್ಲಿ ಕೂತಿದ್ದಳು. ಅದನ್ನು ಮುಂದೆ ಎಳೆಯಲು ನೋಡಿದಳು, ಅಲುಗಲಿಲ್ಲ. ಗಸ್ ಅಂಗಡಿಯಿಂದ ಹಳೆಯ ಕೋಟೊಂದನ್ನು ತಂದು ಸುರುಳಿ ಸುತ್ತಿ ಅವಳ ಬೆನ್ನ ಹಿಂದೆ ತುರುಕಿದ. ಡಬ್ಬಿಯ ತಿರುಪನ್ನು ಅವನು ಮುಟ್ಟಲಿಲ್ಲ.

ಗಾಡಿ ಹೊರಟಿತು. ಆರ್ವಿನ್ ಮಂಡಿ ಸಡಿಲಿಸಿ, ಪಟ್ಟಿ ಬಿಗಿಹಿಡಿದು, ಹೊಡೆತಕ್ಕೆ ಸಿದ್ಧನಾದ. ಕಿಂಡಿಯಲ್ಲಿ ಪೀಪಾಯಿಗಳು ಹೋದವು, ಯಂತ್ರ ಹೋಯಿತು. ಇಲ್ಲಿ ಹಿಡಿಯಬೇಕು, ಎಂದುಕೊಂಡ. ಈಗ ಹಿಡಿಯಲೇಬೇಕು, ಇಲ್ಲದಿದ್ದರೆ ಬೇಲಿಗೆ ಗುದ್ದುತ್ತಾಳೆ. ಕಿಂಡಿಯ ತುಂಬಾ ಬಿಳಿ ಗೋಪುರ ಬಂತು. ಅವನು ಕಾದ. ಗೋಪುರ ಅಲ್ಲೇ ಇತ್ತು.

"ಯಾಕೆ ಹಿಡೀಲಿಲ್ಲ?" ಎಂದು ಕೂಗಿದ.

ಕಿಂಡಿಯ ಹೊರಗಿನಿಂದ ಗಸ್‌ನ ದನಿ ಬಂತು. "ಹಿಡಿದಾಯ್ತಲ್ಲ ಮಾರಾಯ. ನಿಂತಿದೆ."

ಆರ್ವಿನ್ ಕಿಂಡಿಗೆ ಮುಖವಿಟ್ಟು ನೆಲ ನೋಡಿದ. ಜಲ್ಲಿಯ ಒಂದೊಂದು ಕಲ್ಲೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಅವನ ಕೈಗಳು ಮಾತ್ರ ಇನ್ನೂ ಪಟ್ಟಿಯನ್ನು ಬಿಗಿಹಿಡಿದಿದ್ದವು.

"ಇನ್ನೊಂದ್ಸಲ" ಎಂದ.

ಎರಡನೇ ಸಲ ಅವನು ಹೊರಗೆ ನೋಡಲಿಲ್ಲ. ನಿಲ್ಲುವ ಆ ಕ್ಷಣವನ್ನು ಮೈಯಲ್ಲೇ ಹಿಡಿಯಬೇಕೆಂದು ಕಣ್ಣು ಮುಚ್ಚಿದ. ಚಕ್ರದ ಕೆಳಗೆ ಜಲ್ಲಿ ಕರಕರ ಎನ್ನುತ್ತಿತ್ತು. ಆ ಸದ್ದು ಎಂಜಿನ್ನಿನ ಗುಂಯ್ ಶಬ್ದದಲ್ಲಿ ಬೆರೆತುಹೋಯಿತು. ತಿರುವಿನಲ್ಲಿ ಮೈ ಒಂದಿಷ್ಟು ವಾಲಿ ಮತ್ತೆ ನೆಟ್ಟಗಾಯಿತು. ಹಣೆಯನ್ನು ಮರಕ್ಕೆ, ಹಲ್ಲಿನ ಗುರುತುಗಳ ಮೇಲೆ ಒತ್ತಿಕೊಂಡು ಅವನು ಕಾದ.

"ಈಗ" ಎಂದ ಮೆಲ್ಲಗೆ.

ಹಿಂದಿನಿಂದ ಬೆಳಕು ಬಿತ್ತು. ಮಾರ್ಲಿಸ್ ಆಗಲೇ ಇಳಿದು ಬಂದು ಬಾಗಿಲು ತೆಗೆದು ನಿಂತಿದ್ದಳು. ಅವನು ಅಂದದ್ದು ಅವಳಿಗೆ ಕೇಳಿಸಿತ್ತು. ಕುದುರೆ ಇಳಿಸುವಾಗ ಮಾಡುವ ಹಾಗೆ ಒಂದು ಪಕ್ಕಕ್ಕೆ ಸರಿದು, ಹೊರಬರಲು ಜಾಗ ಬಿಟ್ಟಳು.

ಅವನು ಬರಲು ಸ್ವಲ್ಪ ಹೊತ್ತಾಯಿತು.

ಗಸ್ ಪಿಕಪ್ಪಿನೊಳಗೆ ಅರ್ಧ ತೂರಿಕೊಂಡು ಟೇಪು ಕೀಳುತ್ತಿದ್ದ. "ಡಬ್ಬಿ ಇದೇ ಆಗ್ಲಿ ಅಲ್ವಾ?" ಎಂದು ಕೇಳಿದ, ಯಾರನ್ನೂ ನೋಡದೆ. "ಎಲ್ಲಿ ಕೂರಿಸ್ಲಿ? ಮೊದಲು ಇದ್ದ ಕಡೆನೇನಾ?"

ಮೊದಲಿನ ಡಬ್ಬಿ ಆರ್ವಿನ್‌ನ ಉದ್ದ ಕಾಲಿಗೆ ತಾಗದ ಹಾಗೆ ಬಹಳ ಕೆಳಗೆ, ದೂರದಲ್ಲಿತ್ತು. ಅದರ ಮೊಳೆತೂತುಗಳು ಇನ್ನೂ ಹಾಗೇ ಇದ್ದವು.

"ಅವಳನ್ನ ಕೇಳು" ಎಂದ ಆರ್ವಿನ್. ದನಿ ಒರಟಾಗಿತ್ತು. ಆಮೇಲೆ, "ಎಣ್ಣೆ ಇದ್ರೆ ಕೊಡು. ತುಕ್ಕು ಬಿಡ್ಸೋದು."

ಚಾಲಕನ ಕಡೆಯ ಬಾಗಿಲಲ್ಲಿ ಅವನು ಮೊಣಕಾಲೂರಿ ಕೂತ. ಸೀಟಿನ ಕೆಳಗಿನ ಹಳಿಗಳಿಗೆ ಎಣ್ಣೆ ಹೊಡೆದ, ಕಾದ, ಮತ್ತೆ ಹೊಡೆದ. ಮಾರ್ಲಿಸ್ ಊದಿದ ತುಟಿಯನ್ನು ನಾಲಗೆಯಿಂದ ಮುಟ್ಟಿ ನೋಡಿಕೊಳ್ಳುತ್ತಾ ಪಕ್ಕದಲ್ಲಿ ನಿಂತಿದ್ದಳು. ಅವನು ಸುತ್ತಿಗೆಯ ಹಿಡಿಯಿಂದ ಹಳಿಗೆ ಮೆಲ್ಲಗೆ ಎರಡೇಟು ಹಾಕಿ, ಭುಜ ಕೊಟ್ಟು ಹಿಂದಿನಿಂದ ನೂಕಿದ. ಸೀಟು ಮೊದಲು ನರಳಿತು. ಆಮೇಲೆ ಒಮ್ಮೆಲೇ ಸಡಿಲಗೊಂಡು ಮುಂದಕ್ಕೆ ಜಾರಿತು.

ಅದು ಇಷ್ಟು ವರ್ಷ ನಿಂತಿದ್ದ ಜಾಗ ಬಯಲಾಯಿತು. ಗಾಡಿಯ ನೆಲಹಾಸೆಲ್ಲ ಮಣ್ಣು, ಹುಲ್ಲು ಮೆತ್ತಿ ಯಾವ ಬಣ್ಣದ್ದೆಂದು ಹೇಳಲಾಗದ ಹಾಗಿತ್ತು. ಹಳಿಗಳ ಪಕ್ಕದಲ್ಲಿ ಮಾತ್ರ ಎರಡು ಉದ್ದನೆಯ ಪಟ್ಟಿಗಳು, ಗಾಡಿ ಹೊಸದಾಗಿ ತಂದ ದಿನ ಇದ್ದ ಹಾಗೆ, ಅಚ್ಚ ನೀಲಿಯಾಗಿದ್ದವು.