ಫ್ಲಾಸ್ಕಿನ ಹೊಟ್ಟೆಯಲ್ಲಿ ಹೆಪ್ಪು

ನಾನು ಒಂದು ಫ್ಲಾಸ್ಕು. ಹುಟ್ಟಿದ್ದು ಚೀನಾದ ಕಾರ್ಖಾನೆಯೊಂದರಲ್ಲಿ, ಕೆಂಡದಂಥ ಗಾಜಿನ ಮುದ್ದೆಯಾಗಿ. ಒಂದು ಗಾಜಿನ ಹೊಟ್ಟೆಯೊಳಗೆ ಇನ್ನೊಂದನ್ನು ಕೂರಿಸಿ, ಬೆಳ್ಳಿಯ ಲೇಪ ಕೊಟ್ಟು, ನಡುವಿನ ಗಾಳಿಯನ್ನೆಲ್ಲ ಹೀರಿ ತೆಗೆದರು. ಕೆಂಪು ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿ, ಬಾಯಿಗೆ ಬಿರಡೆ ಜಡಿದರು. ನಡುವೆ ಏನೂ ಇಲ್ಲದಿರುವುದೇ ನನ್ನ ಬಂಡವಾಳ. ಅದರ ಬಲದ ಮೇಲೆಯೇ ಇಷ್ಟು ಬಿಸಿಯಾಗಿರುತ್ತೇನೆ. ಮನುಷ್ಯರಲ್ಲೂ ಅಂಥವರನ್ನು ಕಂಡಿದ್ದೇನೆ.

ನನ್ನನ್ನು ಮೊದಲು ಕೊಂಡವಳು ಯೂಟಿಂಗ್ ಎಂಬ ವಿದ್ಯಾರ್ಥಿನಿ. ಅವಳ ವಿಶ್ವವಿದ್ಯಾಲಯದಲ್ಲಿ ಕುದಿಯುವ ನೀರಿಗೆಂದೇ ಒಂದು ಕಟ್ಟಡವಿತ್ತು. ಬೆಳಿಗ್ಗೆ ಕ್ಲಾಸಿಗೆ ಹೋಗುವಾಗ ಎಲ್ಲರೂ ಫ್ಲಾಸ್ಕುಗಳನ್ನು ಅದರ ಬಾಗಿಲಲ್ಲಿ ಸಾಲಾಗಿ ಬಿಟ್ಟುಹೋಗುತ್ತಿದ್ದರು. ಸಂಜೆ ತುಂಬಿಸಿಕೊಂಡು ಹಾಸ್ಟೆಲಿಗೆ ಮರಳುತ್ತಿದ್ದರು. ಹುಡುಗಿಯರು ಸದಾ ಬಿಝಿ, ನಾನು ಸದಾ ಬಿಸಿ. ಓದು ಮುಗಿದಾಗ ಯೂಟಿಂಗ್ ನನ್ನನ್ನು ಹಾಸ್ಟೆಲಿನ ಬಾಗಿಲು ಕಾಯುವ ಹೆಂಗಸಿನ ಕೈಗಿಟ್ಟು ಹೋದಳು. ಆ ಹೆಂಗಸನ್ನು ಎಲ್ಲರೂ 'ಆಯಿ' ಎನ್ನುತ್ತಿದ್ದರು. ಅಲ್ಲಿ ಚಿಕ್ಕಮ್ಮನ ವಯಸ್ಸಿನವರನ್ನು ಹಾಗೆ ಕರೆಯುವುದು ರೂಢಿ.

ಆ ಸೆಪ್ಟೆಂಬರಿನಲ್ಲಿ ಧಾರವಾಡದ ಶಾಲ್ಮಲಾ ಒಂದು ವರ್ಷದ ವಿನಿಮಯ ವಿದ್ಯಾರ್ಥಿನಿಯಾಗಿ ಬಂದಳು. ಊರಿನಲ್ಲಿ ಅಜ್ಜಿಯನ್ನು ಆಯಿ ಎನ್ನುತ್ತಿದ್ದವಳಿಗೆ ಇಲ್ಲೂ ಒಬ್ಬ ಆಯಿ ಸಿಕ್ಕಿದಂತಾಯಿತು. ಆಯಿ ನನ್ನನ್ನು ತೊಳೆದು ಅವಳಿಗೆ ಕೊಟ್ಟಳು. ನಾನು ಕನ್ನಡ ಕಲಿತದ್ದು ಶಾಲ್ಮಲಾಳ ಬಾಯಿಂದ. ಆದ್ದರಿಂದ ಆಯಿಯ ಚೀನಿ ಮಾತನ್ನೂ ಧಾರವಾಡದ ಧಾಟಿಯಲ್ಲೇ ಅಣಕಿಸುತ್ತೇನೆ, ಸಹಿಸಿಕೊಳ್ಳಿ.

"ತಲಿನೋವೇನು? ಬಿಸಿನೀರು ಕುಡಿ. ನೆಗಡಿಯೇನು? ಬಿಸಿನೀರು ಕುಡಿ. ಪರೀಕ್ಷಾದಾಗ ಮಾರ್ಕ್ಸ್ ಕಡಿಮಿ ಬಂದಾವೇನು? ಬಿಸಿನೀರು ಕುಡಿ!"

ಶಾಲ್ಮಲಾ ಕುಡಿದಳು. ಆದರೆ ನೀರು ಕುಡಿದು ಎಷ್ಟು ದಿನ ಇರಲಾದೀತು? ಅವಳು ಮಾಂಸ ಮುಟ್ಟದವಳು. ಕ್ಯಾಂಟೀನಿನಲ್ಲಿ ಸೊಪ್ಪಿಗೂ ಹಂದಿಕೊಬ್ಬಿನ ಒಗ್ಗರಣೆ. ಉಳಿದದ್ದು ಬರೀ ಅನ್ನ. ಅಷ್ಟರಲ್ಲಿ ಹೊಟ್ಟೆ ಕೆಟ್ಟಿತು, ಆ ಅನ್ನವೂ ಒಳಗೆ ನಿಲ್ಲಲಿಲ್ಲ. ಮೊಸರನ್ನ ಬೇಕೆಂದು ಜೀವ ಹಂಬಲಿಸಿತು. ಹತ್ತಿರದ ಅಂಗಡಿಯ ಮೊಸರಿಗೆಲ್ಲ ಸಕ್ಕರೆ. ಮುಖ ಸೊರಗಿ, ಕೆನ್ನೆ ಒಳಗೆ ಹೋಗಿ, ಹುಡುಗಿ ನನಗಿಂತ ಟೊಳ್ಳಾದಳು.

ಒಂದು ಸಂಜೆ ಫೋನಿನ ಪರದೆಯಲ್ಲಿ ಅವಳ ಅವ್ವ ಕಾಣಿಸಿಕೊಂಡಳು.

"ಹೆಪ್ಪಿಲ್ಲಂತ ಅಳ್ತಾರೇನ, ಹುಚ್ಚಿ? ಹಸಿಮೆಣಸಿನಕಾಯಿ ತೊಟ್ಟು ಕಿತ್ತು ಉಗುರುಬೆಚ್ಚಗಿನ ಹಾಲಾಗ ಹಾಕು. ತಾನ ಹೆಪ್ಪಾಕ್ಕೈತಿ."

"ಹೆಪ್ಪಾದರ ಇರ್ತೇನವಾ. ಆಗಲಿಲ್ಲಂದ್ರ ಆಫೀಸಿನ್ಯಾಗ ಹೇಳಿ ಊರಿಗೆ ಬಂದುಬಿಡ್ತೇನಿ."

"ಬಟ್ಟಲ ಮಸರಿಗೆ ಒಂದು ವರ್ಷದ ಓದು ಬಿಡ್ತಿಯೇನ?"

"ಮಸರಿಗಲ್ಲವಾ, ಅನ್ನಕ್ಕ. ಒಂದು ತುತ್ತು ಹೊಟ್ಟ್ಯಾಗ ನಿಲ್ಲವಲ್ದು."

ಹಾಸ್ಟೆಲಿನಲ್ಲಿ ಒಲೆ ಹಚ್ಚುವಂತಿಲ್ಲ. ಅವಳು ಹಾಲಿನ ಪೊಟ್ಟಣವನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಬೆಚ್ಚಗೆ ಮಾಡಿ, ನನ್ನೊಳಗೆ ಸುರಿದು, ತೊಟ್ಟುಗಳನ್ನು ಹಾಕಿ ಬಿರಡೆ ಒತ್ತಿದಳು. ನನಗೆ ಗಾಬರಿ. ಗಂಗೋದಕವನ್ನಷ್ಟೇ ಹೊತ್ತ ಮಡಿವಂತ ನಾನು! ರಾತ್ರಿಯೆಲ್ಲ ಹೊಟ್ಟೆಯಲ್ಲಿ ಏನೋ ಮೆಲ್ಲಗೆ ಗಟ್ಟಿಯಾಗುತ್ತಾ ಹೋಯಿತು. ಬೆಳಿಗ್ಗೆ ಅವಳು ಇಣುಕಿ ನೋಡಿ, ಇನ್ನೂ ಸ್ವಲ್ಪ ಹೊತ್ತು ಬೇಕೆಂದು ನನ್ನನ್ನು ಮೇಜಿನ ಮೇಲೆ ಬಿಟ್ಟು, ಮೊದಲ ಬಾರಿಗೆ ಗುನುಗುತ್ತಾ ಕ್ಲಾಸಿಗೆ ಹೋದಳು.

ಅಂದೇ ಕೋಣೆಗಳ ತಪಾಸಣೆ. ಕದ್ದು ಇಟ್ಟ ಒಲೆಗಳನ್ನು ಹುಡುಕುತ್ತಾ ಬಂದ ಆಯಿ ನನ್ನನ್ನು ಎತ್ತಿದಳು. ತಣ್ಣಗಿದ್ದೆ. ಬಿರಡೆ ತೆಗೆದಳು, ಮೂಸಿದಳು, ಮೂಗು ಮುರಿದಳು.

"ಅಯ್ಯ ಶಿವನ, ಹಾಲು ಕೆಟ್ಟೈತಿ! ಒಳಗ ಕಸ ಬ್ಯಾರೆ ಬಿದ್ದೈತಿ! ಇದನ್ನ ಕುಡದ ಈ ಹುಡುಗಿ ಹೊಟ್ಟಿ ಕೆಡಿಸ್ಕೊಂಡೈತಿ!"

(ಶಿವನನ್ನು ಸೇರಿಸಿದ್ದು ನಾನು.) ಚೆಲ್ಲಿದಳು. ಕುದಿನೀರಿನಿಂದ ಮತ್ತೆ ಮತ್ತೆ ಗಲಬರಿಸಿದಳು. ಪ್ರೀತಿಯಿಂದ ಕಂಠದವರೆಗೆ ಬಿಸಿನೀರು ತುಂಬಿಸಿ, ಮೇಜಿನ ಮೇಲೆ ನಿಲ್ಲಿಸಿ ಹೋದಳು. ಕೂಗಿ ಹೇಳಲು ನನಗಿದ್ದದ್ದು ಬಾಯಿ ಮಾತ್ರ, ಮಾತಿಲ್ಲ.

ಮಧ್ಯಾಹ್ನ ಶಾಲ್ಮಲಾ ಕ್ಯಾಂಟೀನಿನಿಂದ ಅನ್ನ ತಂದಳು. ಉಪ್ಪು ಉದುರಿಸಿ, ಆಸೆಯಿಂದ ನನ್ನನ್ನು ಬಗ್ಗಿಸಿದಳು. ಬುಸ್ಸೆಂದು ಹಬೆ. ಅನ್ನದ ಮೇಲೆಲ್ಲ ಬಿಸಿನೀರು.

ಅವಳು ಅಳಲಿಲ್ಲ. ಕಪಾಟಿನ ಮೇಲಿನ ಸೂಟ್‌ಕೇಸ್ ಇಳಿಸಿದಳು. ಬಟ್ಟೆ ತುಂಬಿ, ಒಂದು ಕೈಯಲ್ಲಿ ಸೂಟ್‌ಕೇಸ್, ಇನ್ನೊಂದರಲ್ಲಿ ಕೋಣೆಯ ಕೀಲಿಯ ಜೊತೆ ನನ್ನನ್ನೂ ಹಿಡಿದು ಬಾಗಿಲ ಕೋಣೆಗೆ ಇಳಿದಳು.

"ಯಾಕವಾ, ಹೊಟ್ಟಿ ನೋಯ್ತೈತೇನು? ಬಿಸಿನೀರು..."

"ನೀವು ಚೆಲ್ಲಿದ್ದು ನನ್ನ ಊಟ!" ಕಲಿತಿದ್ದ ಚೂರುಪಾರು ಚೀನಿಯಲ್ಲಿ ಕೂಗಿದಳು. "ಅದು ಕೆಟ್ಟ ಹಾಲಲ್ಲ. ನಾನಾಗೇ ಹುಳಿ ಮಾಡಿದ್ದು. ನನ್ನ ಅವ್ವ ಹೇಳಿಕೊಟ್ಟಿದ್ದು. ನಾನು ಮನೆಗೆ ಹೋಗ್ತೇನೆ."

ಆಯಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆಮೇಲೆ ಕೀಲಿ ಚಾಚಿದ ಶಾಲ್ಮಲಾಳ ಕೈಯನ್ನು ಹಿಂದಕ್ಕೆ ತಳ್ಳಿದಳು.

"ಇವತ್ತ ಕೀಲಿ ತೊಗೊಳ್ಳಂಗಿಲ್ಲ. ಕೂಡು. ಹೆಂಗ ಮಾಡೋದು ಹೇಳು."

ಕಿಟಕಿಯಲ್ಲಿದ್ದ ಕುಂಡದ ಮೆಣಸಿನ ಗಿಡವನ್ನು ಆಯಿ ಬೋಳಿಸಿಬಿಟ್ಟಳು. ತೊಟ್ಟು ಬೇಕೆಂದರೆ ಕಾಯಿಯನ್ನೇ ಹಾಕಹೊರಟಳು. ಶಾಲ್ಮಲಾ ಕೈ ಹಿಡಿದು ತಡೆದಳು. ಹಾಲಿನ ಬಿಸಿ ನೋಡಲು ಇಬ್ಬರೂ ಕಿರುಬೆರಳು ಅದ್ದಿದರು. ಆಯಿ ತನ್ನ ಹತ್ತಿಯ ಕೋಟನ್ನು ನನಗೆ ಸುತ್ತಿ ಕಂಕುಳಿನ ಪಕ್ಕ ಇಟ್ಟುಕೊಂಡು ಕೂತಳು. ನೀರಿಗೆಂದು ನನ್ನತ್ತ ಕೈ ಚಾಚಿದವರಿಗೆಲ್ಲ, "ಮುಟ್ಟಿದರ ಕೈ ಮುರಿತೇನಿ!" ಸೂಟ್‌ಕೇಸ್ ಅಲ್ಲೇ ಬಾಗಿಲಲ್ಲಿ ಕಾದಿತ್ತು.

ಮರುದಿನ ಬಿರಡೆ ತೆಗೆದರು. ನಾನು ಬಗ್ಗಿದೆ, ಏನೂ ಬೀಳಲಿಲ್ಲ. ಶಾಲ್ಮಲಾ ಸೂಟ್‌ಕೇಸಿನತ್ತ ನೋಡಿದಳು. ಆಯಿ ನನ್ನ ಬೆನ್ನಿಗೊಂದು ಗುದ್ದಿದಳು. ದೊಪ್ಪನೆ ಗಡ್ಡೆಮೊಸರು ಬಟ್ಟಲಿಗೆ ಬಿತ್ತು!

ಶಾಲ್ಮಲಾ ತಿಂದಳು, ಬಟ್ಟಲು ಬೆರಳಿನಿಂದ ಬಳಿದು ತಿಂದಳು. ಆಯಿ ಒಂದು ಚಮಚ ಬಾಯಿಗಿಟ್ಟು, ಒಂದು ಕಣ್ಣು ಮುಚ್ಚಿ, ನಾಲಿಗೆ ಚಪ್ಪರಿಸಿದಳು.

"ಹಾಲಂತೂ ಕೆಟ್ಟೈತಿ," ಎಂದಳು. "ಆದರ ಚಲೋ ಕೆಟ್ಟೈತಿ."

ಶಾಲ್ಮಲಾ ನಕ್ಕು ನೆತ್ತಿಗೇರಿಸಿಕೊಂಡಳು. ಊಟ ಹೊಟ್ಟೆಯಲ್ಲಿ ನಿಂತಿತು. ಸೂಟ್‌ಕೇಸ್ ಮರಳಿ ಮೆಟ್ಟಿಲು ಹತ್ತಿತು. ಅವಳು ವರ್ಷ ಪೂರ್ತಿ ಇದ್ದು, ಓದು ಮುಗಿಸಿ, ಕೆನ್ನೆ ತುಂಬಿಕೊಂಡೇ ಧಾರವಾಡಕ್ಕೆ ಹೋದಳು. ನಾನು ಆಯಿಯ ಪಾಲಿಗೆ ಬಂದೆ.

ಈಗ ನನಗೆ ವಯಸ್ಸಾಗಿದೆ. ಬೆಳ್ಳಿ ಮಂಕಾಗಿದೆ, ಕುದಿನೀರಿನ ಬಿಸಿ ನನ್ನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ನೀರಿಗೆ ಹೊಸ ಫ್ಲಾಸ್ಕು ಬಂದಿದೆ. ನನ್ನ ಜಾಗ ಬಾಗಿಲ ಕೋಣೆಯ ಮೂಲೆ, ಹಳೆಯ ಕೋಟಿನೊಳಗೆ. ಆಯಿ ಈಗ ಮೆಣಸಿನ ಗಿಡದ ತಂಟೆಗೆ ಹೋಗುವುದಿಲ್ಲ. ಇವತ್ತಿನ ಮೊಸರಿನಲ್ಲಿ ಒಂದು ಚಮಚ ಉಳಿಸಿ ನಾಳೆಯ ಹಾಲಿಗೆ ಬೆರೆಸುತ್ತಾಳೆ. ನಾಳೆಯದರಲ್ಲಿ ಒಂದು ಚಮಚ ನಾಡಿದ್ದಿಗೆ. ಹಾಗೆ ಲೆಕ್ಕ ಹಿಡಿದರೆ, ಆ ಹುಡುಗಿ ಬಿಟ್ಟುಹೋದ ಮೊಸರು ಈ ಬಾಗಿಲಲ್ಲಿ ಇನ್ನೂ ಮುಗಿದಿಲ್ಲ.